ನಡುವಿನ ವೈರು ಯಾರ ಹೆಸರಿಗೈತಿ?

ಕೊಪ್ಪಳದ ಮಗ್ಗುಲಲ್ಲೇ ಇರುವ ಭಾಗ್ಯನಗರದಲ್ಲಿ ಸಿಕ್ಕು ಬಿಡಿಸುವುದೇ ಒಂದು ಉದ್ಯಮ. ಊರೂರಿಂದ ಬಂದ ತಲೆಗೂದಲಿನ ಗಂಟನ್ನು ಹೆಣ್ಣುಮಕ್ಕಳು ಎಳೆ ಎಳೆಯಾಗಿ ಬಿಡಿಸಿ, ಉದ್ದ ನೋಡಿ ಕಟ್ಟಿಡುತ್ತಾರೆ. ಮುಂದೆ ಅದು ಯಾವುದೋ ದೇಶದಲ್ಲಿ ವಿಗ್ ಆಗುತ್ತದೆ. ಇಂಥ ಊರಿನಲ್ಲೂ ಯಾರೂ ಕೈಹಾಕದ ಸಿಕ್ಕೊಂದು ಸಾವಕಾರರ ಟೇಬಲ್ ಕೆಳಗೆ ಬಿದ್ದಿರುತ್ತದೆ: ನೀಲಿ ವೈರು, ಮಿಣುಕುವ ಸ್ವಿಚ್ಚು, ಮೇಲೊಂದು ಪದರ ಧೂಳು.

ಒಂದು ಆಫೀಸು ಅಂತ ಇಟ್ಟುಕೊಳ್ಳಿ. ಲೆಕ್ಕ ಬರೆಯುವ ಕಾಕಾ ಕೂರುವುದು ವಿಂಡೋಸ್ 7ರ ಮುಂದೆ. ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಅದರ ಕೈಬಿಟ್ಟಿತು, ಕಾಕಾ ಬಿಟ್ಟಿಲ್ಲ. "ಟ್ಯಾಲಿ ನಡೀತೈತಲ್ರೀ, ಮತ್ತೇನ್ ಬೇಕು?" ಸಾವಕಾರರ ಮಗ ಬೆಂಗಳೂರಿನಲ್ಲಿ ಓದಿ ಬಂದವ, ಅವನ ಕೈಯಲ್ಲಿ ಮ್ಯಾಕ್‌ಬುಕ್. ಎಲ್ಲರ ಫೈಲು ಇರುವುದು ಮೂಲೆಯ ಹಳೇ ಲಿನಕ್ಸ್ ಡಬ್ಬಿಯಲ್ಲಿ. ಅದರ ಪಾಸ್‌ವರ್ಡ್ ಬಲ್ಲ ಹುಡುಗ ಕೆಲಸ ಬಿಟ್ಟು ಹುಬ್ಬಳ್ಳಿ ಸೇರಿದ್ದಾನೆ.

ವಿಂಡೋಸ್ ಮತ್ತು ಲಿನಕ್ಸ್ ಮಾತಾಡುವಂತಾಗಲು ದೊಡ್ಡವರು ಕಡಿಮೆ ಬಡಿದಾಡಿಲ್ಲ. 1992ರ ಹೊತ್ತಿಗೆ ಕ್ಯಾನ್‌ಬೆರಾದಲ್ಲಿ ಆ್ಯಂಡ್ರ್ಯೂ ಟ್ರಿಜೆಲ್ ಎಂಬ ವಿದ್ಯಾರ್ಥಿ ತಂತಿಯ ಮೇಲೆ ಹರಿಯುವ ದತ್ತಾಂಶವನ್ನೇ ನೋಡಿ ನೋಡಿ ಸಾಂಬಾ ತಂತ್ರಾಂಶಕ್ಕೆ ಬುನಾದಿ ಹಾಕಿದ. ಗುಟ್ಟು ಬಿಟ್ಟುಕೊಡದ ಮೈಕ್ರೋಸಾಫ್ಟ್‌ಗೆ ಯುರೋಪಿನ ಆಯೋಗ 2004ರಲ್ಲಿ ಸುಮಾರು 49.7 ಕೋಟಿ ಯೂರೋ ದಂಡ ಜಡಿಯಿತು. 2007ರ ಕೊನೆಗೆ ಸಾಂಬಾದವರು 10,000 ಯೂರೋ ತೆತ್ತು ಆ ಗುಟ್ಟಿನ ಕಾಗದಪತ್ರ ಪಡೆದರು. ಇಷ್ಟೆಲ್ಲ ಆದ ಮೇಲೂ ನಮ್ಮ ಆಫೀಸಿನಲ್ಲಿ ಈ ಟೇಬಲ್‌ನಿಂದ ಆ ಟೇಬಲ್ಲಿಗೆ ಫೈಲು ಹೋಗುವುದು ಪೆನ್‌ಡ್ರೈವಿನಲ್ಲೇ. ಅದನ್ನೂ ಕಾಕಾ ವಿಂಡೋಸ್‌ನ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿಟ್ಟಿದ್ದಾರೆ. ಮ್ಯಾಕ್ ಅದನ್ನು ಓದುತ್ತದೆ, ಬರೆ ಅಂದರೆ ಒಲ್ಲೆ ಅನ್ನುತ್ತದೆ.

2017ರ ಮೇ ತಿಂಗಳಲ್ಲಿ ವನ್ನಾಕ್ರೈ ವೈರಸ್ಸು, ವಿಂಡೋಸ್ ಫೈಲು ಹಂಚಿಕೊಳ್ಳುವ ಹಳೇ ಎಸ್‌ಎಂಬಿ-1ರ ಕಿಂಡಿಯಿಂದ ನುಗ್ಗಿ ಜಗತ್ತನ್ನೇ ಅಳಿಸಿತು. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ ಆವೃತ್ತಿಯಲ್ಲಿ ಆ ಕಿಂಡಿ ಮುಚ್ಚಿ ಬಂತು. ಹೊಸ ಲ್ಯಾಪ್‌ಟಾಪಿಗೆ ಹಳೇ ಡಬ್ಬಿ ಕಾಣದಾಯಿತು. ರಿಪೇರಿಯವ ಬಂದ, ಯೂಟ್ಯೂಬ್ ನೋಡಿದ, ಕಿಂಡಿ ತೆರೆದ, ಇನ್ನೂರು ತಗೊಂಡು ಹೋದ. ಆಫೀಸಿನಲ್ಲಿ ಅವನ ಗುಣಗಾನ ಇನ್ನೂ ನಿಂತಿಲ್ಲ.

ಮ್ಯಾಕ್ ತೆರೆದ ಫೋಲ್ಡರಿನಲ್ಲೆಲ್ಲ 'ಡಿಎಸ್ ಸ್ಟೋರ್' ಎಂಬ ಕಡತ ಬಿಟ್ಟುಹೋಗುತ್ತದೆ. ಕಾಕಾ ವೈರಸ್ಸೆಂದು ಅಳಿಸುತ್ತಾರೆ. ಮ್ಯಾಕ್ ಮತ್ತೆ ಇಡುತ್ತದೆ. ಕಾಕಾ ಹಳೇ 'ನುಡಿ' ತಂತ್ರಾಂಶದಲ್ಲಿ ಬರೆದ ಪತ್ರ ಮಗನ ಪರದೆಯಲ್ಲಿ ತಲೆಗೆ ಚುಕ್ಕೆ, ಕೊಂಬು ಹೊತ್ತ ರೋಮನ್ ಅಕ್ಷರಗಳಾಗಿ ಬರುತ್ತದೆ. ರೋಮನ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡು ಕೂರಿಸಿದ ಆ ಫಾಂಟು ಮ್ಯಾಕ್‌ನಲ್ಲಿಲ್ಲ. "ಅಪ್ಪಾರ, ಕಾಕಾ ಯಾವ ಭಾಷಾದಾಗ ಬರದಾರ?"

2022ರ ಜನವರಿಯಲ್ಲಿ ಕಚ್ಚಾ ಕೂದಲಿನ ರಫ್ತಿಗೆ ಪರವಾನಗಿ ಬೇಕೆಂಬ ನಿಯಮ ಬಂದಿತ್ತು. ಆಗ ಅರ್ಜಿ ಮಗನ ಮ್ಯಾಕ್‌ನಲ್ಲಿ, ಡಿಜಿಟಲ್ ಸಹಿಯ ಟೋಕನ್ನಿನ ಡ್ರೈವರ್ ಕಾಕಾರ ಕಂಪ್ಯೂಟರಿನಲ್ಲಿ, ಲಗತ್ತಿಸುವ ಕಾಗದ ಡಬ್ಬಿಯಲ್ಲಿ. ಕಂಪ್ಯೂಟರಿಗೆ ಬಿಲ್ಲಿದೆ, ವಾರಂಟಿ ಇದೆ. ಕಂಪ್ಯೂಟರು-ಕಂಪ್ಯೂಟರುಗಳ ನಡುವಿನ ಜಾಗಕ್ಕೆ ವಾರಸುದಾರರಿಲ್ಲ. ವರ್ಷಕ್ಕಿಷ್ಟು ಅಂತ ಕೊಟ್ಟು ನೋಡಿಕೊಳ್ಳುವವನನ್ನು ಇಡಿ ಅಂದರೆ ಸಾವಕಾರರು, "ವೈರ್ ನೋಡಾಕೂ ಪಗಾರ ಏನು?" ಅಂತಾರೆ.

ಕೊನೆಗೆ ಮಗ ಎಲ್ಲವನ್ನೂ ಕ್ಲೌಡ್‌ಗೆ ಏರಿಸಿದ. ಖಾತೆ ತೆರೆದದ್ದು ಕಾಕಾರ ಮೊಬೈಲ್ ನಂಬರಿನಲ್ಲಿ. ಪರವಾನಗಿಯ ಕಾಗದ ತೆಗೆಯಲು ಓಟಿಪಿ ಬೇಕಾದ ದಿನ ಕಾಕಾ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿದ್ದರು. ಆ ಜನಜಂಗುಳಿಯಲ್ಲಿ ಮೊಬೈಲ್ ನೆಟ್‌ವರ್ಕ್ ಎಲ್ಲಿಂದ ಬರಬೇಕು? ಸಾವಕಾರರು ರಿಪೇರಿಯವನಿಗೇ ಫೋನ್ ಹಚ್ಚಿದರು: "ತಮ್ಮಾ, ಕ್ಲೌಡ್ ಕೆಟ್ಟೈತಿ, ಸ್ವಲ್ಪ ಬಂದು ಹೋಗು."