ಸಾವಿರ ರೂಪಾಯಿವರೆಗಿನ ಸಜ್ಜನಿಕೆ

ನಮ್ಮ ಬೀದಿಯ ಖಾನಾವಳಿಯಲ್ಲೊಂದು ದರಪಟ್ಟಿ ತೂಗುಹಾಕಿದ್ದಾರೆ. ಅಷ್ಟೇ ಚೊಕ್ಕವಾದ ಇನ್ನೊಂದು ಪಟ್ಟಿ ನನಗೆ ಸಿಕ್ಕಿದ್ದು ವೈದ್ಯರ ನೀತಿಸಂಹಿತೆಯಲ್ಲಿ. ಔಷಧ ಕಂಪನಿಗಳಿಂದ ಕಾಣಿಕೆ ಪಡೆದ ಡಾಕ್ಟರಿಗೆ ಏನು ಶಿಕ್ಷೆ ಎಂದು 2016ರಲ್ಲಿ ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು ಕೋಷ್ಟಕವನ್ನೇ ಹಾಕಿಕೊಟ್ಟಿತು. ಸಾವಿರ ದಾಟಿ ಐದು ಸಾವಿರದವರೆಗೆ ಛೀಮಾರಿ. ಹತ್ತು ಸಾವಿರದವರೆಗೆ ಮೂರು ತಿಂಗಳು ರಿಜಿಸ್ಟರಿನಿಂದ ಹೊರಗೆ. ಐವತ್ತು ಸಾವಿರದವರೆಗೆ ಆರು ತಿಂಗಳು, ಲಕ್ಷದವರೆಗೆ ವರ್ಷ. ಸಾವಿರದೊಳಗಿನದಕ್ಕೆ ಸಾಲೇ ಇಲ್ಲ. 999ರ ಗಡಿಯಾರ ಕಟ್ಟಿಕೊಂಡವರು ಸಾಕ್ಷಾತ್ ಧನ್ವಂತರಿಯ ಖಾಸಾ ತಮ್ಮ. ಇನ್ನು ಹನ್ನೊಂದು ಸಾವಿರಕ್ಕೂ ಐವತ್ತು ಸಾವಿರಕ್ಕೂ ಶಿಕ್ಷೆ ಒಂದೇ ಆದ್ದರಿಂದ, ಹನ್ನೊಂದಕ್ಕೇ ಕೈ ಹಿಂದೆಗೆಯುವವರು ಲೆಕ್ಕದಲ್ಲಿ ಫೇಲಾದವರೇ ಸರಿ.

ಅದೇ ತಿದ್ದುಪಡಿಯಲ್ಲಿ 'ವೈದ್ಯರ ಸಂಘಗಳು' ಎಂಬ ಮಾತು ನಿಯಮದಿಂದ ಮೆಲ್ಲಗೆ ಜಾರಿಹೋಯಿತು. ಒಬ್ಬನೇ ತಿಂದರೆ ಲಂಚ, ಪಂಕ್ತಿಯಲ್ಲಿ ಕೂತು ಉಂಡರೆ ಸಂತರ್ಪಣೆ!

2023ರ ಆಗಸ್ಟಿನಲ್ಲಿ ಹೊಸ ನಿಯಮಾವಳಿ ಬಂದದ್ದೂ ನಿಜ. ಜೆನರಿಕ್ ಹೆಸರಿನಲ್ಲೇ ಔಷಧಿ ಬರೆಯಿರಿ ಎಂದಿತು. ಗಲಾಟೆಯಾಯಿತು, ಅದೇ ತಿಂಗಳು ಇಡೀ ನಿಯಮಾವಳಿಗೇ ತಡೆ ಬಿತ್ತು. ಹಳೇ ದರಪಟ್ಟಿಯೇ ಗಟ್ಟಿ.

ಕೊಡುವವರ ಧೈರ್ಯವನ್ನೂ ಮೆಚ್ಚಬೇಕು. ಅಪೆಕ್ಸ್ ಲ್ಯಾಬೊರೇಟರೀಸ್ ಕಂಪನಿ ತನ್ನ ವಿಟಮಿನ್ ಮಾತ್ರೆಯ ಬಗ್ಗೆ 'ಅರಿವು ಮೂಡಿಸಲು' ವೈದ್ಯರಿಗೆ ಚಿನ್ನದ ನಾಣ್ಯ, ಟಿವಿ, ಫ್ರಿಜ್ಜು, ಲ್ಯಾಪ್‌ಟಾಪು ಹಂಚಿ, ಅದು ವ್ಯಾಪಾರದ ಖರ್ಚು, ತೆರಿಗೆಯಲ್ಲಿ ಕಳೆಯಿರಿ ಎಂದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2022ರ ಫೆಬ್ರವರಿಯಲ್ಲಿ ಕೋರ್ಟು ಆಗದು ಎಂದಿತು. ಫ್ರಿಜ್ಜಿನಿಂದ ಯಾವ ಅರಿವು ಮೂಡುತ್ತದೋ ನನಗಂತೂ ಹೊಳೆಯಲಿಲ್ಲ. ಒಳಗಿಟ್ಟದ್ದು ಕೆಡುವುದಿಲ್ಲ ಎಂಬುದಿರಬಹುದು.

ಕಂಪನಿಯವರ ಪೆನ್ನೂ ಮುಟ್ಟದ ಡಾಕ್ಟರ್ ಗೆಳೆಯನೊಬ್ಬ ನನಗಿದ್ದಾನೆ, ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಯೊಂದರಲ್ಲಿ. ತಿಂಗಳಿಗೊಮ್ಮೆ ಅವನನ್ನು ಗಾಜಿನ ಕೋಣೆಗೆ ಕರೆಯುತ್ತಾರೆ. ಎಂಬಿಎ ಹುಡುಗನೊಬ್ಬ ಪರದೆಯ ಮೇಲೆ ಗ್ರಾಫು ತೋರಿಸಿ, "ಡಾಕ್ಟ್ರೇ, ನಿಮ್ಮ ಕನ್ವರ್ಷನ್ ತುಂಬಾ ಡಲ್ಲು" ಅನ್ನುತ್ತಾನೆ. ಮತಾಂತರದ ಮಾತಲ್ಲ, ಗಾಬರಿಯಾಗಬೇಡಿ. ಓಪಿಡಿಗೆ ನಡೆದು ಬಂದವರಲ್ಲಿ ಎಷ್ಟು ಮಂದಿ ಮಂಚ ಹತ್ತಿದರು ಎಂಬ ಲೆಕ್ಕ. ನನ್ನ ಗೆಳೆಯ ಹೊಟ್ಟೆನೋವಿನವರಿಗೆ "ಏನೂ ಆಗಿಲ್ಲ, ಎರಡು ದಿನ ಗಂಜಿ ಕುಡೀರಿ" ಎಂದು ಮನೆಗೆ ಕಳಿಸುವ ಅಪರಾಧಿ. ಸ್ಕ್ಯಾನ್ ಯಂತ್ರಕ್ಕೆ ಕೋಟಿಗಟ್ಟಲೆ ಸುರಿದವರ ಎದುರು ಗಂಜಿಯ ಹೆಸರೆತ್ತಬಹುದೇ?

ಮೀಟಿಂಗು ಮುಗಿದ ಮೇಲೆ ಒಂದು ಫಾರಂ: 'ನಿಮಗೆ ವೃತ್ತಿಯಲ್ಲಿ ಎಷ್ಟು ತೃಪ್ತಿಯಿದೆ? ಐದರಲ್ಲಿ ಅಂಕ ಕೊಡಿ.' ಕಳೆದ ಸಲ ಅವನು ಎರಡು ಕೊಟ್ಟ. ತೃಪ್ತಿಯಲ್ಲೂ ಟಾರ್ಗೆಟ್ ತಪ್ಪಿತೆಂದು ಕೌನ್ಸೆಲಿಂಗಿಗೆ ಕಳಿಸಿದರು.

ಸಾವಿರದ ಮೇಲೊಂದು ರೂಪಾಯಿಯ ಕಾಣಿಕೆ ಮುಟ್ಟಿದರೆ ಅವನಿಗೆ ಛೀಮಾರಿ ಕಾದಿದೆ. ಟಾರ್ಗೆಟ್ ಕೊಟ್ಟ ಹುಡುಗನ ಹೆಸರು ಯಾವ ವೈದ್ಯಕೀಯ ರಿಜಿಸ್ಟರಿನಲ್ಲೂ ಇಲ್ಲವಲ್ಲ, ತೆಗೆದುಹಾಕುವುದು ಎಲ್ಲಿಂದ?

ಮುಂದಿನ ಸಲ ಯಾರಾದರೂ ಡಾಕ್ಟರು ನಿಮಗೆ "ಏನೂ ಆಗಿಲ್ಲ, ಮನೆಗೆ ಹೋಗಿ" ಎಂದರೆ, ಫೀಸು ದಂಡವಾಯಿತೆಂದು ಗೊಣಗದೆ, ಅವರ ಕನ್ವರ್ಷನ್ ಹೇಗಿದೆ ಎಂದೊಂದು ಮಾತು ವಿಚಾರಿಸಿ ಬನ್ನಿ.