ಗಣಕರಾಯನ ಸುಪ್ರಭಾತ

ಒಂದು ಕಾಲಕ್ಕೆ ಶಿವಮೊಗ್ಗದ ನೆಹರೂ ರಸ್ತೆಯಲ್ಲಿ ಕಂಪ್ಯೂಟರಿನ ಗುಂಡಿ ಒತ್ತುವುದೆಂದರೆ ಕಾಫಿಗೆ ಹೊರಟೆವೆಂದೇ ಅರ್ಥ. ಅದು ಗುರ್ರೆಂದು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಕಾರಿ, ನಾಲ್ಕು ಬಣ್ಣದ ಬಾವುಟ ತೋರಿಸಿ ಕಣ್ಣು ಬಿಡುವ ಹೊತ್ತಿಗೆ ನಾವು ಗೋಪಿ ಸರ್ಕಲ್‌ ತನಕ ನಡೆದು, ಕಾಫಿ ಕುಡಿದು, ಪೇಪರಿನಲ್ಲಿ ಅಡಿಕೆ ಧಾರಣೆಯನ್ನೂ ನೋಡಿ ಬಂದಿರುತ್ತಿದ್ದೆವು. ಸಾಹೇಬರು ಹುಬ್ಬೇರಿಸಿದರೆ “ಸಿಸ್ಟಮ್ ಆನ್ ಆಗ್ತಾ ಇದೆ ಸಾರ್” ಎಂದರಾಯಿತು, ಎದುರು ಮಾತಿಲ್ಲ.

ಈ ಸುಖಕ್ಕೆ ಕಲ್ಲು ಹಾಕಲು ಹೊರಟವರು ಆಪಲ್ ಕಂಪನಿಯ ಸ್ಟೀವ್ ಜಾಬ್ಸ್. 1983ರಲ್ಲಿ ಮ್ಯಾಕಿಂತೋಷ್ ಕಂಪ್ಯೂಟರ್ ಸಿದ್ಧವಾಗುತ್ತಿದ್ದಾಗ ಲ್ಯಾರಿ ಕೆನ್ಯನ್ ಎಂಬ ಎಂಜಿನಿಯರ್ ಹತ್ತಿರ ಹೋಗಿ, ಇದು ಏಳುವುದರಲ್ಲಿ ಹತ್ತು ಸೆಕೆಂಡು ಇಳಿಸು, ಜೀವ ಉಳಿಸಿದ ಪುಣ್ಯ ಬರುತ್ತದೆ ಎಂಬ ಧಾಟಿಯಲ್ಲಿ ವಾದಿಸಿದರಂತೆ. 50 ಲಕ್ಷ ಜನ, ದಿನಕ್ಕೆ ತಲಾ ಹತ್ತು ಸೆಕೆಂಡು. ಗುಣಿಸಿ ನೋಡಿ, ಒಂದೇ ವರ್ಷದಲ್ಲಿ 570 ವರ್ಷಕ್ಕೂ ಹೆಚ್ಚು ಆಯುಷ್ಯ ಉಳಿತಾಯ! ಕೆನ್ಯನ್ ಇಳಿಸಿಯೂ ಇಳಿಸಿದರು. ಲೆಕ್ಕವೇನೋ ಸರಿ. ಕಾಫಿ ಮಾತ್ರ ಯಾವ ಖಾತೆಗೂ ಜಮೆಯಾಗಲಿಲ್ಲ.

ಬೇಗ ಏಳಲು ಪೂರ್ತಿ ಆರದಿರುವುದೂ ಒಂದು ಉಪಾಯ. ಭದ್ರಾವತಿಯ ನ್ಯೂಟೌನ್‌ನಲ್ಲಿರುವ ನಮ್ಮ ಭಾವನವರು ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. 1923ರಲ್ಲಿ ಮಲೆನಾಡಿನ ಮರದ ಇದ್ದಿಲಿನಿಂದ ಕಬ್ಬಿಣ ಕರಗಿಸತೊಡಗಿದ ಊರು ಅದು. ಬ್ಲಾಸ್ಟ್ ಫರ್ನೆಸ್ ಹಚ್ಚಿದರೆ ವರ್ಷಗಟ್ಟಲೆ ಆರಿಸುವುದಿಲ್ಲ. ತಣ್ಣಗಾದರೆ ಒಳಗಿನ ಕಬ್ಬಿಣ ಹೆಪ್ಪುಗಟ್ಟಿ ಕುಲುಮೆಯೇ ಕೆಡುತ್ತದೆ. ನಿಲ್ಲಿಸಲೇಬೇಕಾದರೆ ಹೆಚ್ಚು ಇಂಧನ ತುಂಬಿ, ಗಾಳಿ ಕಟ್ಟಿ, ಬಿಸಿ ಉಳಿಸಿಡುತ್ತಾರೆ. 2012ರ ವಿಂಡೋಸ್ 8 ಕೂಡ ಇದೇ ಜಾಣತನ ಮಾಡಿತು. ಶಟ್‌ಡೌನ್ ಒತ್ತಿದರೆ ನಮ್ಮ ಕೆಲಸಗಳನ್ನೆಲ್ಲ ಮುಚ್ಚುತ್ತದೆ, ತನ್ನ ಹೊಟ್ಟೆಯೊಳಗಿನ ಸ್ಥಿತಿಯನ್ನು ಮಾತ್ರ ಡಿಸ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ಅದನ್ನೇ ಓದಿ ಎದ್ದು ಕೂರುತ್ತದೆ. ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಒತ್ತಿದಾಗಲೇ.

“ಭಾವ, ಪ್ರಿಂಟರ್ ಹಟ ಮಾಡಿದ್ರೆ ಶಟ್‌ಡೌನ್ ಸಾಲದು, ರೀಸ್ಟಾರ್ಟ್ ಕೊಡಿ” ಎಂದೆ.

“ಅಲ್ಲಾ ಮಾರಾಯ, ಆರ್ಸು ಅಂದ್ರೆ ಆರಲ್ಲ, ಹಚ್ಚು ಅಂದ್ರೆ ಪೂರ್ತಿ ಆರಿ ಹತ್ತುತ್ತೆ ಅಂತೀಯ. ಇದನ್ನ ಮಾಡಿದೋರು ಯಾವ ಶಿಫ್ಟಿನೋರು?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಸ್ಲೀಪ್ ಇನ್ನೂ ಚುರುಕು, ಮುಟ್ಟಿದರೆ ಎಚ್ಚರ. ಆದರೆ ಆ ಎಚ್ಚರ ರ‍್ಯಾಮಿನಲ್ಲಿರುತ್ತದೆ, ರ‍್ಯಾಮಿಗೆ ಕರೆಂಟು ಬೇಕು. ಕರೆಂಟು ಕೊಡುವ ಜೋಗವೂ ಲಿಂಗನಮಕ್ಕಿಯೂ ನಮ್ಮ ಜಿಲ್ಲೆಯಲ್ಲೇ ಇವೆ. ಆಷಾಢದ ಗಾಳಿಗೆ ಮರವೊಂದು ತಂತಿಯ ಮೇಲೆ ಬಿದ್ದರೆ ಅದರಿಂದೇನು ಬಂತು? ಲ್ಯಾಪ್‌ಟಾಪಿಗೆ ಬ್ಯಾಟರಿಯಿದೆ, ಬದುಕುತ್ತದೆ. ಮೇಜಿನ ಕಂಪ್ಯೂಟರಿನವರು ಫೈಲು ಸೇವ್ ಮಾಡಿಯೇ ಮಲಗಿಸಬೇಕು, ಇಲ್ಲವೇ ಎಲ್ಲವನ್ನೂ ಡಿಸ್ಕಿಗೆ ಬರೆದಿಡುವ ಹೈಬರ್ನೇಟ್ ಮಾಡಬೇಕು.

ಇಷ್ಟೆಲ್ಲ ಉಪಾಯಕ್ಕಿಂತ ದೊಡ್ಡ ಮದ್ದು ಹಾರ್ಡ್ ಡಿಸ್ಕಿನ ಬದಲು ಕೂರಿಸುವ ಎಸ್‌ಎಸ್‌ಡಿ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗಬೇಕು, ಮೇಲೊಂದು ತೋಳು ಅತ್ತಿತ್ತ ಓಡಾಡಬೇಕು. ಒಂದೊಂದು ಹುಡುಕಾಟಕ್ಕೂ ಸುಮಾರು 10 ಮಿಲಿಸೆಕೆಂಡು. ಕಂಪ್ಯೂಟರ್ ಏಳುವಾಗ ಇಂಥ ಹುಡುಕಾಟ ಸಾವಿರಾರು. ಎಸ್‌ಎಸ್‌ಡಿಯಲ್ಲಿ ತಿರುಗುವಂಥದ್ದೇ ಏನೂ ಇಲ್ಲ. ಹೊಸ ಕಂಪ್ಯೂಟರಿಗೆ ದುಡ್ಡು ಸುರಿಯುವ ಮೊದಲು ದುರ್ಗಿಗುಡಿಯ ಯಾವುದಾದರೂ ರಿಪೇರಿ ಅಂಗಡಿಯಲ್ಲಿ ಇದೊಂದನ್ನು ಹಾಕಿಸಿ ನೋಡಿ.

ಹಾಕಿಸಿದ ಮೇಲೂ ತೆವಳಿದರೆ ಒಳಗೆ ಕರೆಯದೇ ಬಂದ ನೆಂಟರಿದ್ದಾರೆ ಎಂದು ತಿಳಿಯಿರಿ. ಮೀಟಿಂಗಿನ ಆ್ಯಪು, ಎಂದೋ ಮಾರಿದ ಪ್ರಿಂಟರಿನ ಸಹಾಯಕ, ಹಾಡಿನ ಆ್ಯಪು, ಎಲ್ಲರಿಗೂ ಬೆಳಗಿನ ಮೊದಲ ಪಂಕ್ತಿಯಲ್ಲೇ ಎಲೆ ಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ; ಅಲ್ಲಿ ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದವರನ್ನು ದಾಕ್ಷಿಣ್ಯವಿಲ್ಲದೆ ಡಿಸೇಬಲ್ ಮಾಡಿ. ಆಂಟಿವೈರಸ್ ಒಂದನ್ನು ಮಾತ್ರ ಮುಟ್ಟಬೇಡಿ.