ಬ್ರಾಂಚ್ ಯಾವುದು?

ಕೆನಡಾದ ಮಿಸ್ಸಿಸಾಗಾದಲ್ಲಿ ಕನ್ನಡದ ಮನೆಯ ಮಗು ಹನ್ನೆರಡನೇ ಕ್ಲಾಸಿಗೆ ಬಂದರೆ "ಇಂಜಿನಿಯರಿಂಗಾ?" ಎಂದು ಯಾರೂ ಕೇಳುವುದಿಲ್ಲ. ಅದು ನಾಮಕರಣದ ದಿನವೇ ಇತ್ಯರ್ಥವಾಗಿರುತ್ತದೆ. ಕೇಳುವುದು "ಬ್ರಾಂಚ್ ಯಾವುದು?" ಅಂತ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ಕೋಸಂಬರಿ ಬಡಿಸುವವರೂ ಸೌಟು ಎತ್ತಿ ಹಿಡಿದು ಕೇಳುತ್ತಾರೆ. ಉತ್ತರ ಹಿಡಿಸದಿದ್ದರೆ ಕೋಸಂಬರಿ ಕಡಿಮೆ ಬೀಳುತ್ತದೆ.

ನಮ್ಮ ಮಗಳು "ಜಿಯಾಲಜಿಕಲ್ ಇಂಜಿನಿಯರಿಂಗ್" ಅಂದಳು. ಅವಳ ತಟ್ಟೆಗೆ ಆ ದಿನ ಕೋಸಂಬರಿ ಬೀಳಲೇ ಇಲ್ಲ.

ಹಾಗೆ ನೋಡಿದರೆ, ಸಲಹೆ ಕೊಡುವ ನಮ್ಮ ತಲೆಮಾರಿನಲ್ಲಿ ಬ್ರಾಂಚನ್ನು ತಾವಾಗಿ ಆರಿಸಿಕೊಂಡವರು ಎಷ್ಟು ಮಂದಿ? 1994ರಲ್ಲಿ ಸಿಇಟಿ ಬಂದ ಮೇಲೆ ನಮ್ಮ ಪರವಾಗಿ ರ‍್ಯಾಂಕೇ ಆರಿಸಿತು. ಬೆಂಗಳೂರಿನ ಕೌನ್ಸೆಲಿಂಗ್ ಹಾಲಿನಲ್ಲಿ ಅಪ್ಪ ಡಿ.ಡಿ. ಇಟ್ಟ ಪ್ಲಾಸ್ಟಿಕ್ ಕವರನ್ನು ಎದೆಗೊತ್ತಿಕೊಂಡು ಕೂತಿದ್ದರು. ಪರದೆಯ ಮೇಲೆ 'ಇ ಅಂಡ್ ಸಿ' ಸೀಟುಗಳು ಒಂದೊಂದಾಗಿ ಕರಗಿದವು, ಕಂಪ್ಯೂಟರ್ ಸೈನ್ಸ್ ಅದಕ್ಕೂ ಮೊದಲೇ ಖಾಲಿ. ನನ್ನ ಸರದಿ ಬಂದಾಗ ಉಳಿದದ್ದು ಇನ್‌ಸ್ಟ್ರುಮೆಂಟೇಷನ್. "ಹಾಗಂದ್ರೇನಮ್ಮಾ?" ಎಂದು ಅಪ್ಪ ಮೆಲ್ಲಗೆ ಕೇಳಿದರು. ನನಗೆ ಗೊತ್ತಿರಲಿಲ್ಲ. ಈಗಲೂ ಪೂರ್ತಿ ಗೊತ್ತಿಲ್ಲ.

ನಮ್ಮ ಯಜಮಾನರದು ದಾವಣಗೆರೆಯಲ್ಲಿ ಸಿವಿಲ್. ಸದ್ಯ ಬ್ಯಾಂಕೊಂದರ ಸಾಫ್ಟ್‌ವೇರ್ ಟೆಸ್ಟಿಂಗ್. ಕೆನಡಾಕ್ಕೆ ಬಂದ ಮೇಲೆ ಅವರು ಸಿಮೆಂಟು ಮುಟ್ಟಿದ್ದು ಬೇಸ್‌ಮೆಂಟಿನ ಗೋಡೆ ಬಿರುಕು ಬಿಟ್ಟಾಗ ಮಾತ್ರ. ಅದು ಮುಂದಿನ ಮಳೆಗೆ ಮತ್ತೆ ಸೋರಿತು. ಒಂಟಾರಿಯೋದ ಕಾನೂನಿನ ಪ್ರಕಾರ ಲೈಸೆನ್ಸ್ ಇಲ್ಲದವರು ಇಂಜಿನಿಯರ್ ಎಂದು ಹೇಳಿಕೊಳ್ಳುವಂತಿಲ್ಲ, ಆ ಪಟ್ಟ ಪಿ.ಇಂಜಿ. ಮಾಡಿದವರಿಗೆ ಮೀಸಲು. ಅಂದರೆ ಗೋಡೆಯ ಮೇಲೆ ಎರಡು ಬಿ.ಇ. ಸರ್ಟಿಫಿಕೇಟು ನೇತುಹಾಕಿರುವ ನಮ್ಮ ಮನೆಯಲ್ಲಿ ಕಾಯಿದೆ ಒಪ್ಪುವ ಇಂಜಿನಿಯರ್ ಒಬ್ಬರೂ ಇಲ್ಲ. ಮಗಳಿಗೆ ಉಪದೇಶ ಮಾಡಲು ಅದೇನೂ ಅಡ್ಡಿಯಾಗಲಿಲ್ಲ ಅನ್ನಿ.

ಸನ್ನಿವೇಲ್‌ನ ನನ್ನ ತಮ್ಮ ಅವಳು ಐದನೇ ಕ್ಲಾಸಿನಲ್ಲಿದ್ದಾಗಿನಿಂದ "ಸಿಎಸ್, ಸಿಎಸ್" ಎಂದು ಜಪ ಮಾಡಿದವನು. ಕಳೆದ ವರ್ಷ ಅವನ ಆಫೀಸಿನಲ್ಲಿ ಅರ್ಧ ಟೀಮನ್ನು ಮನೆಗೆ ಕಳಿಸಿದರು. ಈಗ ಫೋನ್ ಮಾಡಿ, "ಅಕ್ಕಾ, ಸಿಎಸ್ ಮಾತ್ರ ಬೇಡ. ಎಐ ಎಲ್ಲಾ ತಿಂದು ಹಾಕುತ್ತೆ. ಪ್ಲಂಬಿಂಗ್ ಮಾಡಿಸು" ಅನ್ನುತ್ತಾನೆ. ದನಿ ಮಾತ್ರ ಅದೇ, ಸಂಶಯವೇ ಇಲ್ಲದ್ದು.

ಯಜಮಾನರು ಜಾಣತನದ ದಾರಿ ಹುಡುಕಿದರು. ಟೊರಾಂಟೋ ವಿಶ್ವವಿದ್ಯಾಲಯದಲ್ಲಿ 'ಟ್ರ್ಯಾಕ್‌ಒನ್' ಎಂದಿದೆ. ಮೊದಲ ವರ್ಷ ಎಲ್ಲದರ ರುಚಿ ನೋಡಿ, ಬ್ರಾಂಚನ್ನು ಆಮೇಲೆ ಹೇಳಬಹುದು. ಒಂದು ವರ್ಷದಲ್ಲಿ ಅವಳಿಗೆ ಬುದ್ಧಿ ಬರುತ್ತದೆ ಎಂದು ಇವರ ಲೆಕ್ಕ. ಮಗಳಿಗೆ ಬೇಕಾದ್ದು ವಾಟರ್ಲೂ. ಅಲ್ಲಿ ಅರ್ಜಿಯಲ್ಲೇ ಬ್ರಾಂಚ್ ಬರೆಯಬೇಕು. ಓದಿನ ನಡುವೆ ನಾಲ್ಕು ನಾಲ್ಕು ತಿಂಗಳ ಕೋ-ಆಪ್ ಕೆಲಸ ಬೇರೆ. "ಜಿಯಾಲಜಿಕಲ್ ಅಂದ್ರೆ ಉತ್ತರದ ಗಣಿಗೆ ಹಾಕ್ತಾರೆ ಪುಟ್ಟಾ, ಮೈನಸ್ ಮೂವತ್ತು. ಕಂಪ್ಯೂಟರ್ ಅಂದ್ರೆ ಹೀಟರ್ ಪಕ್ಕ ಕೂರಬಹುದು" ಎಂದು ಇವರು ಕರುಣಾಜನಕವಾಗಿ ಹೇಳಿ ನೋಡಿದರು.

ಇದೆಲ್ಲ ಶುರುವಾದದ್ದು ಸಡ್ಬರಿ ಪ್ರವಾಸದಿಂದ. 185 ಕೋಟಿ ವರ್ಷಗಳ ಹಿಂದೆ ಆಕಾಶದಿಂದ ಬಿದ್ದ ಬಂಡೆಯ ಹೊಡೆತಕ್ಕೆ ಅಲ್ಲಿ ಮಹಾ ಕುಳಿ ಬಿತ್ತಂತೆ. ನಿಕ್ಕಲ್ ಗಣಿಗಳಿರುವುದೂ ಅದರ ದೆಸೆಯಿಂದ. ನಾವೆಲ್ಲ ಅಲ್ಲಿ ನಿಲ್ಲಿಸಿರುವ ಒಂಬತ್ತು ಮೀಟರ್ ಎತ್ತರದ ದೊಡ್ಡ ನಾಣ್ಯದ ಮುಂದೆ ಫೋಟೋ ತೆಗೆಸಿಕೊಂಡು ಪುಳಿಯೋಗರೆ ಡಬ್ಬಿ ಬಿಚ್ಚಿದರೆ, ಇವಳು ರಸ್ತೆ ಬದಿಯ ಕಪ್ಪು ಬಂಡೆಗೆ ಅಂಗೈ ಒತ್ತಿ ನಿಂತಿದ್ದಳು. ಪುಳಿಯೋಗರೆ ಆರಿತು, ಅವಳು ಬರಲಿಲ್ಲ.

ವಿಷಯ ವಿಡಿಯೋ ಕಾಲ್‌ನಲ್ಲಿ ಕೋಲಾರ ಮುಟ್ಟಿತು. ನಮ್ಮತ್ತೆಗೆ ಬ್ರಾಂಚಿನ ಚಿಂತೆಯಿಲ್ಲ, ಕೊನೆಗೆ ಏನು ಕೊಡುತ್ತಾರೆ ಅಂತಷ್ಟೇ. ಇಲ್ಲಿ ಓದು ಮುಗಿಸುವ ಇಂಜಿನಿಯರುಗಳಿಗೆ ಕಬ್ಬಿಣದ ಉಂಗುರ ತೊಡಿಸುವ ಶಾಸ್ತ್ರವಿದೆ. 1925ರಿಂದ ನಡೆದುಬಂದದ್ದು, ಪ್ರತಿಜ್ಞೆಯ ಮಾತುಗಳನ್ನು ಕಿಪ್ಲಿಂಗ್ ಬರೆದುಕೊಟ್ಟರು. 1907ರಲ್ಲಿ ಕುಸಿದು 75 ಜನರನ್ನು ಬಲಿ ತೆಗೆದುಕೊಂಡ ಕ್ವಿಬೆಕ್ ಸೇತುವೆಯ ಕಬ್ಬಿಣದಿಂದ ಮೊದಲ ಉಂಗುರಗಳನ್ನು ಮಾಡಿದರು ಎಂಬುದು ಬರೀ ಕಟ್ಟುಕಥೆ. ಹೊಣೆ ಮರೆಯದಿರಲಿ ಎಂದು ಬರೆಯುವ ಕೈಯ ಕಿರುಬೆರಳಿಗೆ ಹಾಕುತ್ತಾರೆ, ಅಷ್ಟೇ.

"ಕಬ್ಬಿಣಾನಾ? ಚಿನ್ನ ಕೊಡೋಕೇನು ರೋಗ?" ಎಂದರು ಅತ್ತೆ. ಆಮೇಲೆ ಯೋಚಿಸಿ, "ಶನಿಕಾಟಕ್ಕೆ ಒಳ್ಳೇದೇ. ಆದ್ರೆ ಅದನ್ನ ನಡುಬೆರಳಿಗೆ ಹಾಕ್ಬೇಕು. ಕಿರುಬೆರಳಿಗೆ ಹಾಕಿದ್ರೆ ಫಲ ಇಲ್ಲ, ನಿಮ್ಮ ಕಾಲೇಜಿನವರಿಗೆ ಹೇಳು."

"ಈಗ ತುಂಬಾ ಜನಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಕೊಡ್ತಾರಂತೆ ಅಜ್ಜಿ."

"ಸ್ಟೀಲಾ! ಶನಿಮಹಾತ್ಮನಿಗೇ ಪಾತ್ರೆ ಅಂಗಡಿ ಮಾಲಾ?"

ಅಷ್ಟರಲ್ಲಿ ಮಾವನವರು ಫೋನ್ ಕಸಿದುಕೊಂಡರು. ಅವರ ತೋಟದಲ್ಲಿ ಸಾವಿರದ ಇನ್ನೂರು ಅಡಿ ಕೊರೆಸಿದ ಬೋರ್‌ವೆಲ್‌ನಲ್ಲೂ ಬರೀ ಧೂಳೆದ್ದಿತ್ತು. ಪಾಯಿಂಟ್ ನೋಡಲು ಬಂದವನು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟವೆಲ್ಲ ಸುತ್ತಿ, ಕಾಯಿ ಎದ್ದು ನಿಂತ ಕಡೆ ಸುಣ್ಣದ ಗುರುತು ಹಾಕಿ ಹೋಗಿದ್ದನಂತೆ. "ನೀನು ಓದೋದ್ರಲ್ಲಿ ನೀರು ಸಿಗುತ್ತಾ ಕಂದಾ?" ಎಂದರು. ಮಗಳು ಹುರುಪಿನಿಂದ, ಗಟ್ಟಿ ಬಂಡೆಯಲ್ಲಿ ನೀರು ಬಿರುಕುಗಳಲ್ಲಿ ಮಾತ್ರ ಇರುತ್ತದೆ, ನೆಲಕ್ಕೆ ಕರೆಂಟು ಹರಿಸಿ ಆ ಬಿರುಕಿನ ಜಾಡು ಹಿಡಿಯಬಹುದು ಎಂದು ಅರ್ಧ ಕನ್ನಡ ಅರ್ಧ ಕೈಸನ್ನೆಯಲ್ಲಿ ವಿವರಿಸಿದಳು. ಬ್ರಾಂಚ್ ಯಾಕೆ ಎಂದು ಬಿಟ್ಟು, ಬ್ರಾಂಚಿನಲ್ಲಿ ಏನಿದೆ ಎಂದು ಅವಳನ್ನು ಕೇಳಿದವರು ಅವರೊಬ್ಬರೇ.

"ಎಷ್ಟು ದಿನ ಆಗುತ್ತೆ?"

"ಐದು ವರ್ಷ ತಾತ."

ಮಾವನವರು ತೋಟದ ಕಡೆ ಕತ್ತು ಹೊರಳಿಸಿ ನೋಡಿದರು. "ಸರಿ, ಓದು. ಅಲ್ಲೀವರ್ಗೂ ಆ ತೆಂಗಿನಕಾಯಿಯವನಿಗೇ ಹೇಳಿರ್ತೀನಿ."